ಮಲ್ಪೆ ಸಮೀಕ್ಷೆ: ಶುಗರ್ ಬಹುಪಾಲು 94–99ರಲ್ಲೇ, ಸೊಂಟದ ಅಳತೆ ತಂಡಕ್ಕೊಂದು

ಕಡಲತಡಿ:
ಮೆಟಬಾಲಿಕ್ ಸಿಂಡ್ರೋಮ್ ಸಮೀಕ್ಷೆ, 2009ರ ಜಂಟಿ ಮಾನದಂಡ (ಸೊಂಟ, ಬಿಪಿ, ಫಾಸ್ಟಿಂಗ್ ಶುಗರ್, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್, 'ಒಳ್ಳೆಯ' ಕೊಲೆಸ್ಟ್ರಾಲ್ ಎಚ್‌ಡಿಎಲ್: ಈ ಐದರಲ್ಲಿ ಮೂರು ಗಡಿ ದಾಟಿದ್ದರೆ ಲೆಕ್ಕ). ಬೆಳಿಗ್ಗೆ 6.30ಕ್ಕೆ ರಕ್ತ ತೆಗೆದು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ಕಳಿಸುತ್ತೇವೆ. ಮಂಗಳೂರಿನ ಲ್ಯಾಬಿಗೆ ಮುಟ್ಟುವಾಗ 11 ಗಂಟೆ. ಫಾಸ್ಟಿಂಗ್ ಶುಗರ್ ಬಹುಪಾಲು 94–99. ಹೆಂಗಸರ ಸೊಂಟ ಒಂದು ತಂಡದಲ್ಲಿ ಸರಾಸರಿ 4 ಸೆಂ.ಮೀ. ಹೆಚ್ಚು. ಎಲ್ಲಿ ತಪ್ಪುತ್ತಿದೆ?

ಸೀರಮ್‌ಭಟ್ರು:
ಶುಗರ್ ದಾರಿಯಲ್ಲೇ ಕರಗುತ್ತಿದೆ ಮಾರಾಯ್ರೆ. ಬೇರ್ಪಡಿಸದ ರಕ್ತದಲ್ಲಿ ಕಣಗಳು ಗಂಟೆಗೆ ಸುಮಾರು 5–7% ಗ್ಲೂಕೋಸ್ ತಿನ್ನುತ್ತವೆ. ಫ್ಲೋರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಗಿರುವ ಎನೋಲೇಸ್ ಎಂಬ ಕಿಣ್ವವನ್ನು. ಅದಕ್ಕಿಂತ ಮೇಲಿನ ಹಂತಗಳು ಮೊದಲ ಒಂದೆರಡು ಗಂಟೆ ನಡೆದೇ ಇರುತ್ತವೆ. 106 ಇದ್ದದ್ದು 96 ಆಗಲು ಅಷ್ಟು ಸಾಕು, ನಿಮ್ಮ ಗಡಿಯೋ 100. ಟ್ಯೂಬನ್ನು ತಕ್ಷಣ ನೀರು ಬೆರೆಸಿದ ಐಸ್‌ನಲ್ಲಿಡಿ, 30 ನಿಮಿಷದೊಳಗೆ ಮಲ್ಪೆಯಲ್ಲೇ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ತಿರುಗಿಸಿ) ಕಣಗಳಿಲ್ಲದ ದ್ರವ, ಅಂದರೆ ಪ್ಲಾಸ್ಮಾ, ಬೇರ್ಪಡಿಸಿ. ಸಿಟ್ರೇಟ್ ಇರುವ ಟ್ಯೂಬು ಸಿಕ್ಕಿದರೆ ಇನ್ನೂ ಒಳ್ಳೆಯದು. ಟ್ರೈಗ್ಲಿಸರೈಡ್, ಎಚ್‌ಡಿಎಲ್‌ನ ಸೀರಮ್ ಟ್ಯೂಬನ್ನು ಮಾತ್ರ ಐಸ್‌ಗೆ ಹಾಕಬೇಡಿ, ಮೊದಲು ಅರ್ಧ ಗಂಟೆ ಹೆಪ್ಪುಗಟ್ಟಲಿ. ಹಳೆಯ ಅಂಕಿಗಳನ್ನು ಗುಣಿಸಿ ಸರಿಮಾಡಲು ಹೋಗಬೇಡಿ. ಕರಗುವ ವೇಗ ಪ್ರತಿ ಟ್ಯೂಬಿಗೂ ಬೇರೆ.

ಟೇಪು_ಉಡುಪಿ:
ಸೊಂಟಕ್ಕೆ ಎರಡೂ ತಂಡ ಒಂದೇ ಜಾಗ ಹಿಡಿಯುತ್ತಿಲ್ಲ ಅಂತ ಕಾಣುತ್ತದೆ. ಡಬ್ಲ್ಯೂಎಚ್‌ಓ ವಿಧಾನ: ಕೈಗೆ ಸಿಗುವ ಕೊನೆಯ ಪಕ್ಕೆಲುಬು, ಸೊಂಟದೆಲುಬಿನ ಮೇಲಂಚು, ಎರಡರ ನಡು. ಕಂಕುಳ ನೇರಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಹೊಕ್ಕುಳ ನಂಬಬೇಡಿ, ಹೊಟ್ಟೆ ಜೋತಾಗ ಅದೂ ಇಳಿಯುತ್ತದೆ. ಲಂಗದ ಲಾಡಿ ಸಡಿಲಿಸಿ ಕೆಳಗೆ ಸರಿಸಿಕೊಳ್ಳಲು ಹೇಳಿ. ಲಾಡಿಯ ಗಂಟು, ಸೀರೆಯ ನೆರಿಗೆ ಟೇಪಿನೊಳಗೆ ಸೇರಿದರೇ ಒಂದೆರಡು ಸೆಂ.ಮೀ. ಏರುತ್ತದೆ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ನಮ್ಮವರಿಗೆ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅಮೆರಿಕದ 102/88 ಹಾಕಿದ ಹಳೆಯ ಎಕ್ಸೆಲ್ ಹಾಳೆ ಬಳಸುತ್ತಿಲ್ಲ ತಾನೆ?

ಕಡಲತಡಿ:
ಇಲ್ಲ, 90/80. ಬಿಪಿ ಮಾತ್ರೆ ತಿನ್ನುವವರ ರೀಡಿಂಗ್ 124/78 ಬಂದರೆ ಬಿಪಿ ಕಾಲಮಿನಲ್ಲಿ 'ಇಲ್ಲ' ಅಂತ ಹಾಕಿದ್ದೇವೆ.

ಟೇಪು_ಉಡುಪಿ:
ಅದು 'ಹೌದು' ಆಗಬೇಕು. 130/85 ಮುಟ್ಟಿದರೂ, ಮಾತ್ರೆಯಲ್ಲಿದ್ದರೂ ಲೆಕ್ಕ. ಶುಗರ್ ಮಾತ್ರೆಗೂ ಹಾಗೆಯೇ. ಇದನ್ನು ಕೋಡಿಂಗ್‌ನಲ್ಲಿ ಇವತ್ತೇ ತಿದ್ದಬಹುದು, ರಕ್ತ ಮತ್ತೆ ತೆಗೆಯಬೇಕಾಗಿಲ್ಲ.

ಸೀರಮ್‌ಭಟ್ರು:
ಇನ್ನೊಂದು. "ಏನಾದರೂ ತಿಂದಿದ್ದೀರಾ?" ಅಂದರೆ ಚಾ ಕುಡಿದವರೂ ಇಲ್ಲ ಅಂತಾರೆ. "ನೀರು ಬಿಟ್ಟು ಕೊನೆಗೆ ಬಾಯಿಗೆ ಹಾಕಿದ್ದೇನು, ಎಷ್ಟು ಗಂಟೆಗೆ?" ಅಂತ ಕೇಳಿ ಬರೆದುಕೊಳ್ಳಿ. ರಾತ್ರಿ ಬೋಟಿನಲ್ಲಿ ಉಂಡು ಬಂದವರನ್ನು ಅದೇ ಬೆಳಿಗ್ಗೆ ಕೂರಿಸಬೇಡಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ ಗಂಡಸರು ಸಿಗುತ್ತಾರೆ, ಆದರೆ ಆಗ ಊಟ, ದುಡಿಮೆ ಎರಡೂ ಬೇರೆ. ತಿಂಗಳನ್ನೂ ಒಂದು ಕಾಲಮ್ ಮಾಡಿ.