ನ್ಯೂಜೆರ್ಸಿಯಲ್ಲಿ ಮನೆ, ನ್ಯೂಯಾರ್ಕಿನಲ್ಲಿ ಕೆಲಸ: ಯಾವ ರಾಜ್ಯದ ರಿಟರ್ನ್ ಮೊದಲು?

ಪ್ರಶ್ನೆ – ಎಡಿಸನ್‌ನ ಸದಸ್ಯರು

ನಾವು ದಂಪತಿ ವರ್ಷಪೂರ್ತಿ ಎಡಿಸನ್‌ನಲ್ಲೇ ವಾಸವಾಗಿದ್ದೆವು. ನನ್ನ ಕಚೇರಿ ಮ್ಯಾನ್‌ಹ್ಯಾಟನ್‌ನಲ್ಲಿದೆ. ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತೇನೆ, ಉಳಿದೆರಡು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಪತ್ನಿಯ ಉದ್ಯೋಗ ನ್ಯೂಜೆರ್ಸಿಯಲ್ಲಿದೆ. ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ತೆರಿಗೆಯ (ಫೆಡರಲ್) ರಿಟರ್ನ್ ಸಿದ್ಧವಾಗಿದೆ, ರಾಜ್ಯಗಳ ರಿಟರ್ನ್‌ಗೆ ಬಂದಾಗ ಕೈ ಓಡುತ್ತಿಲ್ಲ. ವರ್ಷದ ಸಂಬಳ, ಕಡಿತಗಳನ್ನು ತೋರಿಸಿ ಕಂಪನಿ ಕೊಡುವ ನನ್ನ ಡಬ್ಲ್ಯು-2 ನಮೂನೆಯ ಕೆಳಭಾಗದಲ್ಲಿ ಎರಡು ಸಾಲುಗಳಿವೆ: 16ನೇ ಚೌಕದಲ್ಲಿ ನ್ಯೂಯಾರ್ಕಿನ ಎದುರು 1,50,000 ಡಾಲರ್, ನ್ಯೂಜೆರ್ಸಿಯ ಎದುರು 1,53,000 ಡಾಲರ್ ಎಂದಿದೆ. ತೆರಿಗೆ ಕಡಿತವಾಗಿರುವುದು ನ್ಯೂಯಾರ್ಕಿಗೆ ಮಾತ್ರ. ಒಂದೇ ಸಂಬಳಕ್ಕೆ ಎರಡೂ ರಾಜ್ಯಗಳಿಗೆ ತೆರಿಗೆ ಕಟ್ಟಬೇಕೇ? ಮನೆಯಿಂದ ಕೆಲಸ ಮಾಡಿದ ದಿನಗಳನ್ನು ನ್ಯೂಯಾರ್ಕಿನ ಲೆಕ್ಕದಿಂದ ಬಿಡಬಹುದೇ? ಮೈಸೂರಿನ ಬ್ಯಾಂಕಿನಲ್ಲಿರುವ ಎನ್‌ಆರ್‌ಒ (ಅನಿವಾಸಿ ಭಾರತೀಯರ ಭಾರತದ ಆದಾಯದ ಖಾತೆ) ಠೇವಣಿಯ ಬಡ್ಡಿಗೆ ಅಲ್ಲಿ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಆಗಿದೆ. ಅದನ್ನು ರಾಜ್ಯದ ರಿಟರ್ನ್‌ನಲ್ಲಿ ಕಳೆಯಬಹುದೇ ಎಂಬುದನ್ನೂ ತಿಳಿಸಿ.

ಉತ್ತರ 1 – ಜರ್ಸಿ ಸಿಟಿಯ ಸದಸ್ಯರು

ಮೊದಲು ನ್ಯೂಯಾರ್ಕಿನ ಅನಿವಾಸಿ ರಿಟರ್ನ್ ಐಟಿ-203, ಅದು ಮುಗಿದ ಮೇಲೆ ನ್ಯೂಜೆರ್ಸಿಯ ನಿವಾಸಿ ರಿಟರ್ನ್ ಎನ್‌ಜೆ-1040. ಮನೆಯಿಂದ ಕೆಲಸ ಮಾಡಿದ ದಿನಗಳನ್ನು ಲೆಕ್ಕ ಹಾಕಿ, ಐದರಲ್ಲಿ ಎರಡು ಪಾಲು ಸಂಬಳವನ್ನು ನ್ಯೂಯಾರ್ಕಿನಿಂದ ಕಳೆದುಬಿಡಿ.

ಉತ್ತರ 2 – ಪಾರ್ಸಿಪನಿಯ ಸದಸ್ಯರು

ಕ್ರಮದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ದಿನಗಳ ಬಗ್ಗೆ ಹೇಳಿದ್ದನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ನ್ಯೂಯಾರ್ಕಿನಲ್ಲಿ ಉದ್ಯೋಗದಾತರ ಅನುಕೂಲದ ನಿಯಮವೊಂದಿದೆ. ಕಂಪನಿಯ ಅಗತ್ಯಕ್ಕಾಗಿ ಅಲ್ಲದೆ ನಿಮ್ಮ ಅನುಕೂಲಕ್ಕಾಗಿ ರಾಜ್ಯದ ಹೊರಗೆ ಕುಳಿತು ಮಾಡಿದ ಕೆಲಸದ ದಿನವನ್ನೂ ಅವರು ನ್ಯೂಯಾರ್ಕಿನ ದಿನವೆಂದೇ ಎಣಿಸುತ್ತಾರೆ. ಕನೆಕ್ಟಿಕಟ್‌ನಲ್ಲಿ ವಾಸವಿದ್ದ ಕಾನೂನು ಪ್ರಾಧ್ಯಾಪಕ ಎಡ್ವರ್ಡ್ ಝೆಲಿನ್ಸ್ಕಿ ಇದನ್ನು ಪ್ರಶ್ನಿಸಿ 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಕಂಪನಿಯೇ ನಿಮ್ಮನ್ನು ಕೆಲಸದ ಮೇಲೆ ಬೆಂಗಳೂರಿನ ಕಚೇರಿಗೆ ಕಳುಹಿಸಿದ್ದರೆ ಆ ದಿನಗಳನ್ನು ಐಟಿ-203-ಬಿ ನಮೂನೆಯಲ್ಲಿ ಹೊರಗಿನ ದಿನಗಳೆಂದು ತೋರಿಸಬಹುದು. ಊರಿಗೆ ಹೋದಾಗ ರಜೆ ಉಳಿಸಲೆಂದು ಅಮ್ಮನ ಮನೆಯ ಊಟದ ಮೇಜಿನಿಂದ ಲಾಗಿನ್ ಆದ ದಿನಗಳು ಮಾತ್ರ ನ್ಯೂಯಾರ್ಕಿನವೇ.

16ನೇ ಚೌಕವನ್ನು ನೋಡಿ ಗಾಬರಿಯಾಗಬೇಡಿ. ನ್ಯೂಯಾರ್ಕ್ ತನ್ನ ಸಾಲಿನಲ್ಲಿ ಫೆಡರಲ್ ಸಂಬಳದ ಪೂರ್ಣ ಮೊತ್ತವನ್ನೇ ಬರೆಯಲು ಹೇಳುತ್ತದೆ. ನ್ಯೂಜೆರ್ಸಿ ತನ್ನ ನಿವಾಸಿಯ ಆದಾಯ ಎಲ್ಲಿಂದ ಬಂದರೂ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಲ್ಲಿನ ಮೊತ್ತ ಹೆಚ್ಚಿರುವುದಕ್ಕೆ ಸಾಮಾನ್ಯ ಕಾರಣವೆಂದರೆ, 401ಕೆ (ನಿವೃತ್ತಿ ಉಳಿತಾಯ) ವಂತಿಗೆಗೆ ವಿನಾಯಿತಿ ಕೊಡುವ ಆ ರಾಜ್ಯ ಎಚ್‌ಎಸ್‌ಎ (ಚಿಕಿತ್ಸಾ ವೆಚ್ಚದ ಉಳಿತಾಯ ಖಾತೆ) ವಂತಿಗೆಗೂ ಸಂಬಳದಿಂದ ತೆರಿಗೆಗೆ ಮುನ್ನ ಕಡಿತವಾಗುವ ಆರೋಗ್ಯ ವಿಮೆಯ ಕಂತಿಗೂ ಕೊಡುವುದಿಲ್ಲ. ಎರಡು ಸಾಲುಗಳನ್ನು ಎಲ್ಲಿಯೂ ಕೂಡಿಸಬಾರದು.

ಎರಡು ಬಾರಿಯ ತೆರಿಗೆಯನ್ನು ತಪ್ಪಿಸುವುದು ನ್ಯೂಜೆರ್ಸಿ ಕೊಡುವ ಕ್ರೆಡಿಟ್, ಅಂದರೆ ಇನ್ನೊಂದು ರಾಜ್ಯಕ್ಕೆ ಕಟ್ಟಿದ ತೆರಿಗೆಗಾಗಿ ತನ್ನ ತೆರಿಗೆಯಲ್ಲಿ ಕೊಡುವ ರಿಯಾಯಿತಿ. ಅದನ್ನು ಕೇಳುವ ಪಟ್ಟಿಯ ಹೆಸರು ಎನ್‌ಜೆ-ಸಿಒಜೆ. ಅದರಲ್ಲಿ ತುಂಬಬೇಕಾದದ್ದು ಐಟಿ-203ರಲ್ಲಿ ಲೆಕ್ಕ ಹಾಕಿ ಬಂದ ನಿಜವಾದ ತೆರಿಗೆಯೇ ಹೊರತು ಡಬ್ಲ್ಯು-2ರ 17ನೇ ಚೌಕದಲ್ಲಿರುವ ಕಡಿತದ ಮೊತ್ತವಲ್ಲ. ಹಾಗಾಗಿಯೇ ನ್ಯೂಯಾರ್ಕ್ ಮೊದಲು. ಕ್ರೆಡಿಟ್‌ಗೆ ಮಿತಿಯೂ ಇದೆ. ನಿಮ್ಮಿಬ್ಬರ ಒಟ್ಟು ಆದಾಯ 2,50,000 ಡಾಲರ್, ಅದರಲ್ಲಿ ನ್ಯೂಯಾರ್ಕಿನದು 1,50,000, ನ್ಯೂಜೆರ್ಸಿಯ ತೆರಿಗೆ 11,500, ನ್ಯೂಯಾರ್ಕಿನ ತೆರಿಗೆ 8,000 ಎಂದು ಇಟ್ಟುಕೊಳ್ಳಿ. ಎರಡೂ ರಾಜ್ಯಗಳ ತೆರಿಗೆಗೆ ಒಳಪಟ್ಟ ಆದಾಯ ಶೇ 60. 11,500ರ ಶೇ 60 ಎಂದರೆ 6,900. ಕ್ರೆಡಿಟ್ ಸಿಗುವುದು ಅಷ್ಟೇ. ನ್ಯೂಯಾರ್ಕಿಗೆ ಹೆಚ್ಚಾಗಿ ಹೋದ 1,100 ಡಾಲರ್ ಹೋದಂತೆಯೇ, ನ್ಯೂಜೆರ್ಸಿಗೆ ಇನ್ನೂ 4,600 ಸಲ್ಲಬೇಕು. ನಿಮ್ಮ ಪತ್ನಿಯ ಸಂಬಳದಿಂದ ಆಗಿರುವ ಕಡಿತ ಇದಕ್ಕೆ ಸಾಲದಿದ್ದರೆ ಉಳಿದದ್ದನ್ನು ಕಟ್ಟಬೇಕಾಗುತ್ತದೆ. ಮುಂದಿನ ವರ್ಷಕ್ಕೆ ಅವರ ಎನ್‌ಜೆ-ಡಬ್ಲ್ಯು4 ನಮೂನೆಯಲ್ಲಿ ಹೆಚ್ಚುವರಿ ಕಡಿತ ಕೇಳಿಕೊಳ್ಳುವುದೇ, ನನ್ನ ಅಭಿಪ್ರಾಯದಲ್ಲಿ, ಮೂರು ತಿಂಗಳಿಗೊಮ್ಮೆ ಅಂದಾಜು ತೆರಿಗೆಯ ಚೆಕ್ ಕಳುಹಿಸುವುದಕ್ಕಿಂತ ಕಡಿಮೆ ತಲೆನೋವಿನ ದಾರಿ.

ನ್ಯೂಯಾರ್ಕ್ ನಗರದ ತೆರಿಗೆ ನಿಮಗಿಲ್ಲ. ಹೊರಗಿನಿಂದ ಬಂದು ಹೋಗುವವರ ಮೇಲಿನ ನಗರ ತೆರಿಗೆ 1999ರಲ್ಲೇ ರದ್ದಾಯಿತು. 19ನೇ ಚೌಕದಲ್ಲಿ ಆ ಕಡಿತ ಕಂಡರೆ ಅದನ್ನು ನ್ಯೂಯಾರ್ಕಿನ ರಿಟರ್ನ್‌ನಲ್ಲೇ ಮರಳಿ ಕೇಳಿ, ವೇತನ ವಿಭಾಗಕ್ಕೂ ತಿಳಿಸಿ.

ಉತ್ತರ 3 – ಪ್ರಿನ್ಸ್‌ಟನ್‌ನ ಸದಸ್ಯರು

ಬಡ್ಡಿಯ ವಿಷಯದಲ್ಲಿ ಉತ್ತರ ಅಷ್ಟು ಹಿತವಾಗಿಲ್ಲ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್ ರಿಟರ್ನ್‌ನಲ್ಲಿ 1116 ನಮೂನೆಯ ಮೂಲಕ ಕ್ರೆಡಿಟ್ ಸಿಗುತ್ತದೆ. ನ್ಯೂಜೆರ್ಸಿ ವಿದೇಶಗಳಿಗೆ ಕಟ್ಟಿದ ತೆರಿಗೆಯನ್ನು ಪರಿಗಣಿಸುವುದೇ ಇಲ್ಲ. ಬಡ್ಡಿ ಪೂರ್ತಿಯಾಗಿ ಆದಾಯಕ್ಕೆ ಸೇರುತ್ತದೆ. ಭಾರತದಲ್ಲಿ ತೆರಿಗೆಮುಕ್ತವಾದ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ಬಡ್ಡಿಗೂ ಇಲ್ಲಿ ವಿನಾಯಿತಿಯಿಲ್ಲ. ಐಟಿ-203ರಲ್ಲಿ ಫೆಡರಲ್ ಮೊತ್ತಕ್ಕೊಂದು, ನ್ಯೂಯಾರ್ಕ್ ಮೊತ್ತಕ್ಕೊಂದು ಎಂದು ಎರಡು ಅಂಕಣಗಳಿವೆ. ಬಡ್ಡಿಯೂ ಪತ್ನಿಯ ಸಂಬಳವೂ ಮೊದಲನೆಯದರಲ್ಲಿ ಬರುತ್ತವೆ, ಎರಡನೆಯದರಲ್ಲಿ ಬರುವುದಿಲ್ಲ. ಆದರೂ ಮೊದಲು ಒಟ್ಟು ಆದಾಯದ ಮೇಲೆ ತೆರಿಗೆ ಲೆಕ್ಕ ಹಾಕಿ, ನಂತರ ಅದರಲ್ಲಿ ನ್ಯೂಯಾರ್ಕಿನ ಪಾಲನ್ನು ತೆಗೆಯುವುದರಿಂದ ಅವು ನಿಮ್ಮ ತೆರಿಗೆಯ ದರವನ್ನು ಮೇಲಕ್ಕೆ ತಳ್ಳುತ್ತವೆ. ಬ್ಯಾಂಕಿನವರು ಕೊಡುವ ಟಿಡಿಎಸ್ ಪ್ರಮಾಣಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಲೆಕ್ಕವನ್ನು ಅನುಸರಿಸುತ್ತದೆ. ಇಲ್ಲಿಗೆ ಬೇಕಿರುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕವಾದ್ದರಿಂದ ಪಾಸ್‌ಬುಕ್ಕಿನಿಂದಲೇ ಬಡ್ಡಿಯನ್ನು ಕೂಡಿಸಿಕೊಳ್ಳುವುದು ಉತ್ತಮ.

ಇನ್ನೊಂದು ಮಾತು: ನಾನು ಕೆಲಸ ಮಾಡುವುದು ಪೆನ್ಸಿಲ್ವೇನಿಯಾದಲ್ಲಿ. ಆ ರಾಜ್ಯಕ್ಕೂ ನ್ಯೂಜೆರ್ಸಿಗೂ ಪರಸ್ಪರ ಒಪ್ಪಂದವಿರುವುದರಿಂದ ನಾನು ರೆವ್-419 ನಮೂನೆ ಕೊಟ್ಟು, ಸಂಬಳಕ್ಕೆ ನ್ಯೂಜೆರ್ಸಿಗಷ್ಟೇ ತೆರಿಗೆ ಕಟ್ಟುತ್ತೇನೆ. ನ್ಯೂಯಾರ್ಕಿನೊಂದಿಗೆ ಅಂತಹ ಒಪ್ಪಂದವಿಲ್ಲ. ಆದ್ದರಿಂದ ‘ನೆರೆಯ ರಾಜ್ಯದ ರಿಟರ್ನ್ ಬೇಡ’ ಎಂದು ಪೆನ್ಸಿಲ್ವೇನಿಯಾದ ಸ್ನೇಹಿತರು ಯಾರಾದರೂ ಹೇಳಿದರೆ ಅದು ನಿಮಗೆ ಅನ್ವಯಿಸದು.

ಎಡಿಸನ್‌ನ ಸದಸ್ಯರು

ಎಲ್ಲರಿಗೂ ಧನ್ಯವಾದಗಳು. ಬ್ಯಾಂಕಿನ ವಿವರ ಬರುವುದು ತಡವಾಗಬಹುದು. ಏಪ್ರಿಲ್ 15ರೊಳಗೆ ಆಗದಿದ್ದರೆ?

ಉತ್ತರ 2ರ ಸದಸ್ಯರು

ಅವಧಿ ವಿಸ್ತರಣೆ ಕೇಳಬಹುದು, ಆದರೆ ಅದು ರಿಟರ್ನ್ ಸಲ್ಲಿಸುವುದಕ್ಕೆ ಮಾತ್ರ, ಹಣ ಕಟ್ಟುವುದಕ್ಕಲ್ಲ. ನ್ಯೂಯಾರ್ಕಿಗೆ ಐಟಿ-370 ಸಲ್ಲಿಸಿ. ನ್ಯೂಜೆರ್ಸಿಯಲ್ಲಿ ವಿಸ್ತರಣೆ ಊರ್ಜಿತವಾಗಬೇಕಾದರೆ ಮೂಲ ಗಡುವಿನೊಳಗೆ ತೆರಿಗೆಯ ಕನಿಷ್ಠ ಶೇ 80ರಷ್ಟು ಸಂದಾಯವಾಗಿರಬೇಕು. ಹೋದ ವರ್ಷದ ಬಡ್ಡಿಯನ್ನು ಅಂದಾಜಿಗೆ ಹಿಡಿದು, ಸ್ವಲ್ಪ ಹೆಚ್ಚೇ ಕಟ್ಟಿಬಿಡಿ. ಹೆಚ್ಚಾದದ್ದು ರಿಟರ್ನ್ ಸಲ್ಲಿಸಿದಾಗ ಮರಳಿ ಬರುತ್ತದೆ. ಐಟಿ-203ರ ಪೂರ್ಣ ಪ್ರತಿಯನ್ನು ಜೋಪಾನವಾಗಿಡಿ, ಕ್ರೆಡಿಟ್ ಪರಿಶೀಲಿಸುವಾಗ ನ್ಯೂಜೆರ್ಸಿಯವರು ಅದನ್ನು ಕೇಳಬಹುದು.