ಭಾವನ ಕಂಪ್ಲೇಂಟ್ ವಿಷಯ

ಪುಟ್ಟಿ, ಈಗ ತಾನೇ ಬಸ್ಸಿಳಿದು ಮನೆಗೆ ಬಂದೆ. ನಿನ್ನ ಮೆಸೇಜೂ ಓದಿದೆ, ಅದರ ಕೆಳಗೆ ಎಲ್ಲರೂ ಹಾಕಿರುವ ನಲವತ್ತು ಮೆಸೇಜೂ ಓದಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಮಾತಾಡಿಯೇ ಹೇಳುತ್ತೇನೆ. ಅಕ್ಕನಿಗೂ ಕೇಳಿಸು.

ಆಗಿದ್ದು ಇಷ್ಟು ಅಲ್ವಾ? ಬೋರ್‌ವೆಲ್ ಪೈಪಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಪಕ್ಕದ ತೋಟದವನು ಭಾವನ ಕೆನ್ನೆಗೆ ಹೊಡೆದ, ಬಾಯಿಗೆ ಬಂದಂತೆ ಬೈದ. ಭಾವ ಠಾಣೆಗೆ ಹೋದರು. ಅವರು ಎಫ್‌ಐಆರ್ ಹಾಕದೆ, ಎನ್‌ಸಿ, ಅಂದರೆ ನಾನ್‌ ಕಾಗ್ನಿಜಬಲ್ ಅಂತ ಬರೆದುಕೊಂಡು, ಹಾಗಂತ ಒಂದು ಹಿಂಬರಹದ ಚೀಟಿ ಕೊಟ್ಟು ಕಳಿಸಿದರು. ಗ್ರೂಪಿನಲ್ಲಿ ಒಬ್ಬರು 'ದುಡ್ಡು ತಿಂದಿದ್ದಾರೆ' ಅಂದರು, ಇನ್ನೊಬ್ಬರು 'ನಾನ್‌ ಬೇಲಬಲ್ ಹಾಕಿಸಿ, ಆರು ತಿಂಗಳು ಒಳಗಿರಲಿ' ಅಂದರು.

ನಾನು ವಕೀಲ ಅಲ್ಲಪ್ಪ. ವಕೀಲರ ಹತ್ತಿರ 26 ವರ್ಷ ಗುಮಾಸ್ತನಾಗಿ ಫೈಲು ಹೊತ್ತವನು. ಅಷ್ಟು ಮಟ್ಟಿಗೆ ಹೇಳುತ್ತೇನೆ.

ಬರಿಗೈಯಲ್ಲಿ ಒಂದೇಟು ಹೊಡೆದರೆ ಅದು ಬಿಎನ್‌ಎಸ್, ಅಂದರೆ ಈಗಿನ ಹೊಸ ದಂಡಸಂಹಿತೆಯ, ಸೆಕ್ಷನ್ 115(2). 2024ರ ಜುಲೈ 1ಕ್ಕೆ ಮುಂಚೆ ಹಳೆಯ ಐಪಿಸಿಯಲ್ಲಿ ನಾವು 323 ಅನ್ನುತ್ತಿದ್ದೆವಲ್ಲ, ಅದೇ. ಬೈದಿದ್ದು 352, ಹಳೆಯ 504. ಎರಡೂ ನಾನ್‌ ಕಾಗ್ನಿಜಬಲ್. ಅಂದರೆ ಮ್ಯಾಜಿಸ್ಟ್ರೇಟ್ ಹೇಳದೆ ಪೊಲೀಸರು ತನಿಖೆಯನ್ನೂ ಮಾಡುವ ಹಾಗಿಲ್ಲ, ವಾರಂಟ್ ಇಲ್ಲದೆ ಹಿಡಿಯುವ ಹಾಗೂ ಇಲ್ಲ. ಪುಸ್ತಕದಲ್ಲಿ ಬರೆದುಕೊಂಡು, ಕೋರ್ಟಿಗೆ ಹೋಗಿ ಅಂತ ಕಳಿಸಬೇಕು. ಅವರು ಮಾಡಿದ್ದು ಅದನ್ನೇ. ಸುಮ್ನೆ ಅವರ ಮೇಲೆ ಹಾರಾಡಬೇಡಿ.

ಆದರೆ ಒಂದು ಮಾತು ಜಾಸ್ತಿ ಇದ್ದಿದ್ದರೆ ಕಥೆಯೇ ಬೇರೆ. ಅವನು ಗೇಟಿನ ಹತ್ತಿರ ಭಾವನನ್ನು ಮುಂದೆ ಹೋಗಲು ಬಿಡದೆ ಅಡ್ಡಗಟ್ಟಿದ್ದನಾ? ಅದು 126(2). ಶಿಕ್ಷೆ ಬರೀ ಒಂದು ತಿಂಗಳು, ಹೊಡೆದಿದ್ದಕ್ಕೆ ಒಂದು ವರ್ಷದವರೆಗೆ. ಆದರೂ ಅಡ್ಡಗಟ್ಟಿದ್ದು ಕಾಗ್ನಿಜಬಲ್, ಹೊಡೆದಿದ್ದು ಅಲ್ಲ! ನನಗೂ ಇದು ಮೊದಲು ವಿಚಿತ್ರ ಅನಿಸಿತ್ತು. ಇಂಥದ್ದು ಒಂದು ಇದ್ದರೆ ಸಾಕು, ಉಳಿದವೂ ಅದರ ಜೊತೆಗೇ ಎಫ್‌ಐಆರ್ ಸೇರುತ್ತವೆ. ಹಾಗಂತ ಆಗದೇ ಇದ್ದದ್ದನ್ನು ಬರೆಸಬೇಡಿ. ಎದುರಿನ ವಕೀಲ ಪಾಟೀಸವಾಲಿನಲ್ಲಿ ಭಾವನನ್ನು ಹಿಂಡಿಬಿಡುತ್ತಾನೆ.

ಇನ್ನೊಂದು, ಭಾವನ ಹಲ್ಲು ಅಲ್ಲಾಡುತ್ತಿದೆ ಅಂದೆಯಲ್ಲ, ಅದನ್ನು ಯಾಕಮ್ಮ ಕೊನೆಯಲ್ಲಿ ಹೇಳಿದೆ? ನಾಳೆ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು. ಏನು ನಡೆಯಿತು ಅಂತ ಹೇಳಿ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಬಗ್ಗೆ ಡಾಕ್ಟರ ಪತ್ರ, ಕೇಳಿ. ಹಲ್ಲು ಮುರಿದಿದೆ ಅಥವಾ ಜಾಗ ಬಿಟ್ಟಿದೆ ಅಂತ ಡಾಕ್ಟರು ಬರೆದರೆ ಅದು ತೀವ್ರ ಗಾಯ, 117(2). ಏಳು ವರ್ಷದವರೆಗೆ ಶಿಕ್ಷೆ, ಕಾಗ್ನಿಜಬಲ್. ಆಗ ಆ ಕಾಗದ ಹಿಡಿದು ಠಾಣೆಗೆ ಹೋದರೆ ಅವರು ಎಫ್‌ಐಆರ್ ಹಾಕಲೇಬೇಕು, ಕಾಪಿ ಪುಕ್ಕಟೆ ಕೊಡಬೇಕು.

ಅಷ್ಟಾದರೂ ಅದು ಬೇಲಬಲ್ಲೇ ಕಣ್ರೀ. ಹಿಡಿದರೂ ಪಹಣಿ ಇಟ್ಟುಕೊಂಡ ಒಬ್ಬ ಜಾಮೀನುದಾರನನ್ನು ಕರೆತಂದು ಸ್ಟೇಷನ್ ಬೇಲ್ ತಗೊಂಡು ಸಂಜೆಗೆ ಮನೆಗೆ ಬರುತ್ತಾನೆ. ಆರು ತಿಂಗಳು ಒಳಗೆ ಅನ್ನುವುದೆಲ್ಲ ಕನಸು. ನಾನ್‌ ಬೇಲಬಲ್ ಅಂದರೂ ಜಾಮೀನೇ ಇಲ್ಲ ಅಂತಲ್ಲ. ಹಕ್ಕಿನಿಂದ ಕೇಳುವ ಹಾಗಿಲ್ಲ, ಕೊಡುವುದು ಬಿಡುವುದು ಜಡ್ಜ್ ಕೈಯಲ್ಲಿ, ಅಷ್ಟೇ. ಅವನ ಕೈಯಲ್ಲಿ ಮಚ್ಚು ಇದ್ದು, ಅದರಿಂದ ಗಾಯ ಆಗಿದ್ದರೆ 118(1), ಆ ಸಾಲಿಗೆ ಬರುತ್ತಿತ್ತು. ಪುಣ್ಯಕ್ಕೆ ಇರಲಿಲ್ಲ.

ರಾಜಿ ಆಗಬಹುದಾ ಅಂತ ಅಕ್ಕ ಕೇಳಿದ್ದಾಳೆ. ಹೊಡೆತ, ಬೈಗುಳ, ಅಡ್ಡಗಟ್ಟಿದ್ದು, ಈ ಮೂರಕ್ಕೂ ಭಾವ ಒಪ್ಪಿದರೆ ಮುಗಿಯಿತು. ಹಲ್ಲಿನ ವಿಷಯ ಸೇರಿದರೆ ಕೋರ್ಟಿನ ಒಪ್ಪಿಗೆಯೂ ಬೇಕು. ಬೇಸಿಗೆಯಲ್ಲಿ ಅದೇ ಬೋರಿನ ನೀರು ಇಬ್ಬರಿಗೂ ಬೇಕಲ್ಲ, ಅದನ್ನೂ ಯೋಚಿಸಲಿ.

ಆಮೇಲೆ ಪುಟ್ಟಿ, ಹಿಂಬರಹದ ಫೋಟೋ ಇನ್ನೊಂದು ಸಲ ತೆಗೆದು ಕಳಿಸು. ಎನ್‌ಸಿ ನಂಬರಿನ ಮೇಲೆ ಭಾವನ ಹೆಬ್ಬೆರಳು ಕೂತಿದೆ.