ಐಡಲ್‌ನಲ್ಲೇ ಗಾಡಿ ತೆವಳುತ್ತದೆ, ಏರಿನಲ್ಲಿ ಬೆಲ್ಟ್ ಜಾರುತ್ತದೆ: ಡ್ರೈವ್ ಕ್ಲಚ್ ಬದಲಿಸಬೇಕಾ?

ಪ್ರಶ್ನೆ:
ನನ್ನದು ನೀರಿನಲ್ಲೂ ತೇಲುವ, ಆರು ಚಕ್ರದ ಹಳೆಯ ಆಲ್ ಟೆರೇನ್ ಗಾಡಿ. ಎಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಬೆಲ್ಟ್ ಡ್ರೈವ್. ಈಚೆಗೆ ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಕೊಡದಿದ್ದರೂ, ಮುಂದಕ್ಕೆ ತೆವಳುತ್ತದೆ, ನ್ಯೂಟ್ರಲ್‌ನಿಂದ ಗೇರಿಗೆ ಹಾಕಿದರೆ ಗರಗರ ಅನ್ನುತ್ತದೆ. ಆದರೆ ಏರು ಹತ್ತುವಾಗ ಎಂಜಿನ್ ಕೂಗುತ್ತದೆ ಅಷ್ಟೆ, ಗಾಡಿ ಎಳೆಯುವುದಿಲ್ಲ, ರಬ್ಬರ್ ಸುಟ್ಟ ವಾಸನೆ ಬೇರೆ. ಬೆಲ್ಟ್ ಬಿಗಿಯೋ ಸಡಿಲವೋ ಅರ್ಥವೇ ಆಗುತ್ತಿಲ್ಲ. ಹೊಸ ಕ್ಲಚ್ ತರಿಸುವ ಮೊದಲು ಏನೇನು ನೋಡಬೇಕು? ಅನುಭವ ಇರುವವರು ಹೇಳಿ.

ಉತ್ತರ:
ಸರ್, ಮೊದಲು ಖರ್ಚಿಲ್ಲದ್ದನ್ನು ನೋಡಿ. ಐಡಲ್ ಎಷ್ಟಿದೆ? ಚೋಕ್ ಪೂರ್ತಿ ಬಿಡುತ್ತಿದೆಯಾ, ಥ್ರಾಟಲ್ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದೆಯಾ? ಐಡಲ್ ಜಾಸ್ತಿ ಇದ್ದರೆ ಎಂಥ ಒಳ್ಳೆಯ ಕ್ಲಚ್ ಆದರೂ ಬೆಲ್ಟನ್ನು ಹಿಡಿದು ಗಾಡಿಯನ್ನು ಎಳೆಯುತ್ತದೆ. ಕೈಪಿಡಿಯಲ್ಲಿ ಇರುವಷ್ಟಕ್ಕೆ ಇಳಿಸಿ, ಆಮೇಲೆ ಮಿಕ್ಕ ಮಾತು. ಗರಗರ ಅನ್ನುವಾಗ ದಯವಿಟ್ಟು ಒತ್ತಿ ಗೇರ್ ಹಾಕಬೇಡಿ. ಎಂಜಿನ್ ಆಫ್ ಮಾಡಿ ಹಾಕಿ. ಗೇರಿನ ಹಲ್ಲು ಹೋದರೆ ಕ್ಲಚ್‌ಗಿಂತ ದೊಡ್ಡ ಕೆಲಸ.

ಉತ್ತರ:
ನೀವು ಹೇಳಿದ ಎರಡು ತೊಂದರೆ ಒಂದಕ್ಕೊಂದು ವಿರುದ್ಧ ಅನಿಸುತ್ತದೆ, ಅಲ್ವಾ? ಆದರೆ ಎರಡಕ್ಕೂ ಕಾರಣ ಒಂದೇ ಇರಬಹುದು.

ಗೇರಿಲ್ಲದ ಸ್ಕೂಟರ್‌ನಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟ್ ತಿರುಗುತ್ತದೆ, ಹಿಡಿದು ಬಿಡುವ ಕೆಲಸಕ್ಕೆ ಹಿಂದೆ ಬೇರೆ ಕ್ಲಚ್ ಇರುತ್ತದೆ. ಇಲ್ಲಿ ಹಾಗಲ್ಲ. ಎಂಜಿನ್ ಶಾಫ್ಟ್ ಮೇಲಿರುವ ಡ್ರೈವ್ ಕ್ಲಚ್ಚೇ ಬೆಲ್ಟನ್ನು ಹಿಡಿಯಬೇಕು, ಅದೇ ಬಿಡಬೇಕು. ಎಂಜಿನ್ ವೇಗ ಏರಿದಾಗ ಒಳಗಿನ ತೂಕಗಳು ಹೊರಕ್ಕೆ ಚಾಚಿ, ಬೆಲ್ಟಿನ ಎರಡು ಪಕ್ಕದಲ್ಲಿರುವ ತಟ್ಟೆಗಳಲ್ಲಿ ಒಂದನ್ನು ಇನ್ನೊಂದರ ಕಡೆ ತಳ್ಳುತ್ತವೆ, ಬೆಲ್ಟ್ ಸಿಕ್ಕಿಕೊಳ್ಳುತ್ತದೆ. ವೇಗ ಇಳಿದರೆ ಸ್ಪ್ರಿಂಗ್ ಆ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ. ತಟ್ಟೆ ಜಾರುವ ಬುಷ್‌ನಲ್ಲಿ (ಬಳೆಯಂಥ ಭಾಗದಲ್ಲಿ) ತುಕ್ಕೋ ಬೆಲ್ಟಿನ ಪುಡಿಯೋ ಕೂತಿದ್ದರೆ, ಇಲ್ಲವೇ ಸ್ಪ್ರಿಂಗ್ ಸೋತಿದ್ದರೆ, ತಟ್ಟೆ ಪೂರ್ತಿ ಹಿಂದೆ ಹೋಗುವುದಿಲ್ಲ. ಐಡಲ್‌ನಲ್ಲೂ ಬೆಲ್ಟನ್ನು ಉಜ್ಜುತ್ತಲೇ ಇರುತ್ತದೆ. ನಿಮ್ಮ ಗಾಡಿ ತೆವಳುವುದು ಅದಕ್ಕೆ, ಗರಗರ ಅನ್ನುವುದೂ ಅದಕ್ಕೆ. ಹೀಗೆ ಉಜ್ಜಿ ಉಜ್ಜಿ ಬೆಲ್ಟಿನ ಪಕ್ಕಗಳು ಬಿಸಿಯಾಗಿ ಗಾಜಿನಂತೆ ಹೊಳೆಯಲು ಶುರುವಾಗುತ್ತವೆ, ಆ ಹೊಳಪು ಬಂದ ಮೇಲೆ ಲೋಡ್ ಬಿದ್ದರೆ ಅದು ಜಾರಲೇಬೇಕು. ಆದ್ದರಿಂದ ಬರೀ ಬೆಲ್ಟ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಪ್ಲಗ್ ವೈರ್ ಬಿಚ್ಚಿ ನೋಡಿ. ಡ್ರೈವ್ ಕ್ಲಚ್‌ನ ಎರಡು ತಟ್ಟೆಗಳ ನಡುವೆ ಬೆಲ್ಟ್ ಸಡಿಲವಾಗಿ ಆಡಬೇಕು. ಕೆಲವು ಕ್ಲಚ್‌ಗಳಲ್ಲಿ ಬೆಲ್ಟ್ ಕೂರುವ ಜಾಗದಲ್ಲಿ ಒಂದು ಬೇರಿಂಗ್ ಇರುತ್ತದೆ, ಅದು ಜಾಮ್ ಆದರೂ ಗಾಡಿ ತೆವಳುತ್ತದೆ, ಬೆರಳಲ್ಲಿ ತಿರುಗಿಸಿ ನೋಡಿ. ಇನ್ನೊಂದು ತುದಿಯಲ್ಲಿ, ಗೇರ್‌ಬಾಕ್ಸ್ ಕಡೆಯ ಡ್ರಿವನ್ ಪುಲ್ಲಿಯಲ್ಲಿ, ಬೆಲ್ಟ್ ಹೆಚ್ಚುಕಡಿಮೆ ಹೊರ ಅಂಚಿನ ಮಟ್ಟಕ್ಕೆ ಇರಬೇಕು. ಒಳಗೆ ಇಳಿದಿದ್ದರೆ ಬೆಲ್ಟ್ ಸವೆದಿದೆ ಅಥವಾ ಆ ಪುಲ್ಲಿ ಪೂರ್ತಿ ಮುಚ್ಚುತ್ತಿಲ್ಲ. ತುಂಬಾ ಮೇಲೆದ್ದಿದ್ದರೆ ಬೆಲ್ಟ್ ಬಿಗಿ. ಆಮೇಲೆ ಬೆಲ್ಟ್ ತೆಗೆದು ಡ್ರೈವ್ ಕ್ಲಚ್‌ನ ಚಲಿಸುವ ತಟ್ಟೆಯನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ನುಣ್ಣಗೆ ಹೋಗಿ ತಾನಾಗಿ ವಾಪಸ್ ಬರಬೇಕು. ಬೆಲ್ಟ್ ಇಲ್ಲದೆ ಎಂಜಿನ್ ರೇಸ್ ಮಾತ್ರ ಮಾಡಬೇಡಿ. ಲೋಡ್ ಇಲ್ಲದ ಕ್ಲಚ್ ಹಾಳಾಗುತ್ತದೆ, ತುಂಡು ಹಾರಿದರೆ ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಐಡಲ್ ಸರಿಯಾಗಿಯೇ ಇದೆ. ಡ್ರಿವನ್ ಪುಲ್ಲಿಯಲ್ಲಿ ಬೆಲ್ಟ್ ಅಂಚಿನ ಮಟ್ಟಕ್ಕಿದೆ. ಡ್ರೈವ್ ಕ್ಲಚ್ ತಟ್ಟೆ ಒತ್ತಿ ಬಿಟ್ಟರೆ ಅರ್ಧಕ್ಕೆ ನಿಲ್ಲುತ್ತದೆ, ಕೆಂಪು ಪುಡಿ ಉದುರುತ್ತಿದೆ. ಬೆಲ್ಟ್ ಹೊಳೆಯುತ್ತಿದೆ. ಕ್ಲಚ್ ಹೊರಗೆ ತೆಗೆಯುವುದು ಹೇಗೆ?

ಉತ್ತರ:
ಹಾಗಾದರೆ ರೋಗ ಸಿಕ್ಕಿತು. ಬಿಚ್ಚಿ ಕ್ಲೀನ್ ಮಾಡಿದರೆ ಅದೇ ಕ್ಲಚ್ ಉಳಿಯಬಹುದು.

ಕ್ಲಚ್ ಕೂತಿರುವುದು ಟೇಪರ್ ಶಾಫ್ಟ್ ಮೇಲೆ, ಅಂದರೆ ತುದಿಯ ಕಡೆ ಸಣ್ಣಗಾಗುತ್ತಾ ಹೋಗುವ ಶಾಫ್ಟ್ ಮೇಲೆ ಬಿಗಿಯಾಗಿ. ನಡುವಿನ ಬೋಲ್ಟ್ ತೆಗೆದ ಮಾತ್ರಕ್ಕೆ ಬರುವುದಿಲ್ಲ. ಕ್ಲಚ್ಚನ್ನು ಶಾಫ್ಟ್‌ನಿಂದ ಕಳಚುವ, ಆ ಕ್ಲಚ್‌ಗೇ ಹೊಂದುವ ಪುಲ್ಲರ್ ಬೋಲ್ಟ್ ತರಿಸಿ, ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಬಿಗಿ ಮಾಡಿ, ತಲೆಗೆ ಸುತ್ತಿಗೆಯಿಂದ ಒಂದೇಟು, ಮತ್ತೆ ಬಿಗಿ. ತಟ್ಟೆಗಳ ನಡುವೆ ಸಲಾಕೆ ಹಾಕಿ ಮೀಟಬೇಡಿ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಬಿಚ್ಚುವ ಮೊದಲು ಮುಚ್ಚಳಕ್ಕೂ ತಟ್ಟೆಗೂ ಸೇರಿಸಿ ಒಂದು ಗುರುತು ಹಾಕಿಕೊಳ್ಳಿ, ಎಲ್ಲವನ್ನೂ ಒಟ್ಟಿಗೆ ಬ್ಯಾಲೆನ್ಸ್ ಮಾಡಿರುತ್ತಾರೆ. ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಮುಚ್ಚಳವನ್ನು ಒತ್ತಿ ಹಿಡಿದು ಬೋಲ್ಟ್‌ಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬುಷ್ ಅಲ್ಲಾಡುತ್ತಿದ್ದರೆ, ತೂಕಗಳ ಪಿನ್ ಸವೆದಿದ್ದರೆ ಹೊಸದು ಹಾಕಿಸಲೇಬೇಕು, ಬರೀ ತುಕ್ಕಾದರೆ ಉಜ್ಜಿ ತೆಗೆಯಿರಿ. ಕೈಪಿಡಿ ಹೇಳದ ಹೊರತು ಒಳಗೆ ಗ್ರೀಸ್ ಬೇಡ. ಗ್ರೀಸ್ ಧೂಳು ಹಿಡಿಯುತ್ತದೆ, ಬೆಲ್ಟಿಗೆ ತಾಗಿದರೆ ಮತ್ತೆ ಜಾರಾಟ. ಬೆಲ್ಟ್ ತಾಗುವ ಮುಖಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಟೇಪರ್ ಒಣಗಿರಲಿ, ಎಣ್ಣೆ ಬೇಡವೇ ಬೇಡ. ಬೋಲ್ಟನ್ನು ಕೈಪಿಡಿಯಲ್ಲಿರುವ ಟಾರ್ಕ್‌ಗೇ (ಬಿಗಿಯ ಅಳತೆಗೇ) ಬಿಗಿ ಮಾಡಿ.

ಉತ್ತರ:
ಬಿಚ್ಚಿದಾಗಲೇ ಎಂಜಿನ್ ಮೌಂಟ್ ಬೋಲ್ಟ್‌ಗಳನ್ನೂ ನೋಡಿಬಿಡಿ. ಎಂಜಿನ್ ಸ್ವಲ್ಪ ಸರಿದರೂ ಎರಡು ಪುಲ್ಲಿಗಳ ದೂರ ಬದಲಾಗುತ್ತದೆ, ನೇರ ತಪ್ಪುತ್ತದೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ. ಈ ಗಾಡಿಗಳು ಒಂದು ಬದಿಗೆ ಬ್ರೇಕ್ ಹಿಡಿದೇ ತಿರುಗುವುದು, ಹಾಗಾಗಿ ಒಂದು ಬದಿಯ ಬ್ರೇಕ್ ಬಿಡದೆ ಹಿಡಿದುಕೊಂಡಿದ್ದರೂ ಸುಡುವುದು ಬೆಲ್ಟೇ. ತಿರುವು, ಏರು, ಕೆಸರು ಬಂದಾಗ ಲೋ ಗೇರ್ ಹಾಕಿ.

ತುಕ್ಕು ಎಲ್ಲಿಂದ ಬಂತು ಅನ್ನುವುದನ್ನು ಬಿಡಬೇಡಿ. ಕ್ಲಚ್ ಇರುವುದು ದೋಣಿಯಂಥ ಬಾಡಿಯ ಒಳಗೇ. ಆಕ್ಸಲ್ ಹೊರಬರುವ ಕಡೆ ನೀರು ತಡೆಯುವ ಸೀಲ್ ಸೋರಿದರೆ ತಳದಲ್ಲಿ ನೀರು ನಿಲ್ಲುತ್ತದೆ, ಚಕ್ರಗಳನ್ನು ತಿರುಗಿಸುವ ಚೈನ್ ಅದನ್ನೇ ಮೇಲಕ್ಕೆ ಎರಚುತ್ತದೆ. ನೀರಿಂದ ಹೊರಗೆ ಬಂದ ಕೂಡಲೇ ಡ್ರೈನ್ ಪ್ಲಗ್ ತೆಗೆದು ಖಾಲಿ ಮಾಡಿ. ಬೆಲ್ಟ್ ನೆನೆದಿದ್ದರೆ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಏರಿಸಿ ಇಳಿಸಿ, ನೀರು ಸಿಡಿದು ಹೋಗುತ್ತದೆ. ಆಕ್ಸಲ್ ಬೇರಿಂಗ್‌ಗೆ ಗ್ರೀಸ್ ಹೊಡೆಯುವ ನಿಪ್ಪಲ್ ಇದ್ದರೆ ಪ್ರತಿ ಸಲ ನೀರಿಗಿಳಿದು ಬಂದ ಮೇಲೂ ಗ್ರೀಸ್ ಹೊಡೆಯಿರಿ.